ಮನೆಯ ಕತ್ತಲೆಕೋಣೆ



ಕ್ಯಾಮೆರಾದಲ್ಲಿ ಫಿಲ್ಮಿನ ಸುರುಳಿ ಮುಗಿದಾಗ ಅದನ್ನು ಅಂಗಡಿಗೆ ಕೊಟ್ಟು ‘ತೊಳೆಸಿಕೊಂಡು’ ಬರುವುದು ನಮ್ಮ ಊರುಗಳಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಆ ಮಾತನ್ನು ಕೇಳಿದವರಿಗೆ ಇದು ಬಟ್ಟೆ ಒಗೆಸಿದಷ್ಟೇ ಸುಲಭವಾದ ಕೆಲಸವೆಂದು ತೋರಬಹುದು. ಆದರೆ ಒಗೆಯುವುದೆಂದರೆ ಇದ್ದ ಕೊಳೆಯನ್ನು ತೆಗೆಯುವುದಷ್ಟೆ. ಇಲ್ಲಿ ನಡೆಯತಕ್ಕುದು ಅದಕ್ಕೆ ತದ್ವಿರುದ್ಧವಾದುದು. ಕಣ್ಣಿಗೆ ಇಲ್ಲವಾಗಿದ್ದುದನ್ನು ಇರುವಂತೆ ಮಾಡುವುದೇ ಇದರ ಉದ್ದೇಶ. ಫಿಲ್ಮಿನ ಮೇಲಿರುವ ಜೆಲಟಿನ್ ಲೇಪದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮವಾದ ಹರಳುಗಳು ತುಂಬಿರುತ್ತವೆ. ಬೆಳಕು ಕ್ಷಣಮಾತ್ರ ತಾಕಿದ ಹರಳಿನಲ್ಲಿ ಎಷ್ಟೋ ಅಲ್ಪವಾದ ಒಂದು ವ್ಯತ್ಯಾಸವುಂಟಾಗುತ್ತದೆ. ಅದು ಯಾವ ಕಣ್ಣಿಗೂ ಕಾಣದು. ಈ ಸುಪ್ತಬಿಂಬವನ್ನು ಎಚ್ಚರಿಸಿ, ಬೆಳಕು ತಾಕಿದ ಹರಳುಗಳನ್ನು ಕಪ್ಪು ಬೆಳ್ಳಿಯನ್ನಾಗಿ ಮಾರ್ಪಡಿಸುವ ದ್ರಾವಣವೇ ಡೆವಲಪರು. ಬೆಳಕು ತಾಕದ ಹರಳುಗಳನ್ನು ಕರಗಿಸಿ ತೆಗೆದುಹಾಕಿ, ಚಿತ್ರವನ್ನು ಶಾಶ್ವತಗೊಳಿಸುವುದು ಹೈಪೋ.

ಫೋನಿನಲ್ಲಿಯೇ ಚಿತ್ರ ಹಿಡಿಯುವ ಈ ಕಾಲದಲ್ಲಿಯೂ ಕಾಲೇಜಿನ ತರುಣರು ಕೆಲವರು ಅಜ್ಜನ ಕಾಲದ ಕ್ಯಾಮೆರಾವನ್ನು ಬೀರುವಿನಿಂದ ಹೊರತೆಗೆದು, ಕಪ್ಪುಬಿಳುಪು ಫಿಲ್ಮನ್ನು ತುಂಬಿ, ನಮ್ಮ ಬಳಿಗೆ ಬಂದು ಕೇಳುವುದುಂಟು: “ಸಾರ್, ಇದನ್ನು ಮನೆಯಲ್ಲಿಯೇ ತೊಳೆಯಬೇಕಾದರೆ ಏನೇನು ಕೊಳ್ಳಬೇಕು?” ಅಂಗಡಿಯ ಪಟ್ಟಿಯನ್ನು ಓದಿ ಹೇಳಿಬಿಡುವುದು ಸುಲಭ. ಆದರೆ ಯಾವ ಸಾಮಾನು ಯಾವ ತೊಂದರೆಯನ್ನು ನೀಗುವುದಕ್ಕಾಗಿ ಹುಟ್ಟಿತೆಂಬುದನ್ನು ಅರಿಯದವನು ಬೇಡವಾದುದಕ್ಕೆ ಹಣ ಸುರಿದು ಬೇಕಾದುದನ್ನು ಬಿಟ್ಟುಬಿಡುತ್ತಾನೆ. ಇದು ನಮ್ಮ ಸ್ವಂತ ಅನುಭವದ ಮಾತು. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ಆದುದರಿಂದ ಈ ಸಂಜೆ ತರುಣರ ಆ ಪ್ರಶ್ನೆಗೆ ಚರಿತ್ರೆಯ ಮೂಲಕವೇ ಉತ್ತರ ಹೇಳಲು ಯತ್ನಿಸುತ್ತೇವೆ. ಸುಪ್ತಬಿಂಬವನ್ನು ಎಚ್ಚರಿಸುವವನು ಮೂರು ಸಂಗತಿಗಳನ್ನು ಆಳಬೇಕು: ಕತ್ತಲೆ, ಶಾಖ, ಕಾಲ. ನೂರೆಂಬತ್ತು ವರ್ಷಗಳಿಗೂ ಮಿಗಿಲಾಗಿ ಈ ವಿದ್ಯೆಯಲ್ಲಿ ಬಂದುಹೋದ ಪೆಟ್ಟಿಗೆ, ಡೇರೆ, ದೀಪ, ತೊಟ್ಟಿಗಳೆಲ್ಲವೂ ಈ ಮೂರರ ಸೇವಕರೇ.

ಮೊದಲ ಪೆಟ್ಟಿಗೆಯನ್ನು ನೋಡೋಣ. ಫ್ರಾನ್ಸಿನ ದಾಗೆರ್ ಎಂಬಾತನ ಕಲ್ಪನೆಯ ಸುದ್ದಿ 1839ನೆಯ ಜನವರಿ 7ರಂದು ಪ್ಯಾರಿಸಿನ ವಿಜ್ಞಾನ ಪರಿಷತ್ತಿನಲ್ಲಿ ಹೊರಬಿದ್ದಿತು. ಅದೇ ವರ್ಷದ ಆಗಸ್ಟ್ 19ರಂದು ಅದರ ರಹಸ್ಯವೆಲ್ಲ ಲೋಕಕ್ಕೆ ತಿಳಿಯಿತು. ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿಗೆ ಅಯೋಡಿನ್ನಿನ ಆವಿಯನ್ನು ತಾಕಿಸಿ, ಕ್ಯಾಮೆರಾದಲ್ಲಿಟ್ಟು ಬೆಳಕಿಗೆ ಒಡ್ಡಿ, ಅನಂತರ ಪಾದರಸದ ಆವಿಯ ಮೇಲೆ ಹಿಡಿದರೆ ಚಿತ್ರ ಮೂಡುತ್ತಿತ್ತು. ಇದಕ್ಕೆ ಬೇಕಾದ ಸಾಮಾನುಗಳನ್ನೆಲ್ಲ ಸೇರಿಸಿ ಪ್ಯಾರಿಸಿನ ಜಿರೂ ಎಂಬ ವರ್ತಕನು 400 ಫ್ರಾಂಕುಗಳಿಗೆ ಮಾರುತ್ತಿದ್ದನು. ಎಲ್ಲವೂ ಸೇರಿ ಸುಮಾರು 50 ಕಿಲೋ ತೂಗುತ್ತಿದ್ದುವು. ಅದರಲ್ಲಿ ಪಾದರಸದ ಪೆಟ್ಟಿಗೆಯೊಂದಿತ್ತು. ಅದರ ಕೆಳಗೆ ಒಂದು ದೀಪ. ಪಕ್ಕದಲ್ಲಿ ಒಳಗೆ ಇಣಿಕಿ ನೋಡಲು ಹಳದಿಯ ಗಾಜಿನ ಕಿಟಕಿ. ಪಾದರಸ 60 ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾಯಿತೇ ಎಂದು ತಿಳಿಸಲು ಒಂದು ಉಷ್ಣಮಾಪಕ. ಗಮನಿಸಿದಿರಾ? ಲೋಕದ ಮೊತ್ತಮೊದಲ ಡೆವಲಪಿಂಗ್ ಪೆಟ್ಟಿಗೆಯಲ್ಲಿಯೇ ಉಷ್ಣಮಾಪಕವಿತ್ತು. ಪಾದರಸದ ಆವಿ ವಿಷವೆಂಬುದನ್ನು ಬಿಟ್ಟರೆ, ಯಂತ್ರವು ಸಂಪೂರ್ಣವಾಗಿಯೇ ಹುಟ್ಟಿತೆನ್ನಬೇಕು.

ಇಂಗ್ಲೆಂಡಿನ ಟಾಲ್ಬಟ್ ಬೇರೊಂದು ದಾರಿಯನ್ನು ಹಿಡಿದನು. ಬೆಳಕಿಗೆ ಸ್ವಲ್ಪವೇ ಒಡ್ಡಿದ, ಏನೂ ಕಾಣದ ಕಾಗದದ ಮೇಲೆ ಗ್ಯಾಲಿಕ್ ಆಮ್ಲವನ್ನೂ ಬೆಳ್ಳಿಯ ನೈಟ್ರೇಟನ್ನೂ ಸವರಿದರೆ ಚಿತ್ರ ತಾನಾಗಿ ಮೂಡಿಬರುವುದನ್ನು ಅವನು 1840ರ ಸೆಪ್ಟೆಂಬರಿನಲ್ಲಿ ಕಂಡನು. ಹಿಂದೆ ಗಂಟೆಗಟ್ಟಲೆ ಬಿಸಿಲಿನಲ್ಲಿಡಬೇಕಾಗಿದ್ದ ಕಾಗದಕ್ಕೆ ಆಮೇಲೆ ನಿಮಿಷಗಳು ಸಾಕಾದುವು. ಒಂದು ನೆಗೆಟಿವಿನಿಂದ ಎಷ್ಟು ಪ್ರತಿಗಳನ್ನು ಬೇಕಾದರೂ ತೆಗೆಯಬಹುದೆಂಬುದು ಈ ಮಾರ್ಗದ ಹಿರಿಮೆ. ಹೈಪೋವಿನ ಗುಣವನ್ನು ಖಗೋಲಜ್ಞನಾದ ಜಾನ್ ಹರ್ಷಲ್ 1819ರಲ್ಲಿಯೇ ಕಂಡುಹಿಡಿದಿದ್ದನು. ಅದು ಇಪ್ಪತ್ತು ವರ್ಷ ತನ್ನ ಕೆಲಸಕ್ಕಾಗಿ ಕಾದು ಕುಳಿತಿತ್ತು.

ಈ ಕಾಗದದ ವಿದ್ಯೆಗೂ ನಮ್ಮ ನಾಡಿಗೂ ನೇರವಾದ ನಂಟುಂಟು. ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ ಎಂಬಾತನು 1854ರ ಡಿಸೆಂಬರಿನಲ್ಲಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವುಗಳ ಮೇಲೆ ಹಿಡಿದು, ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವುಗಳನ್ನು ಇಟ್ಟನು. ಹೊಯ್ಸಳರ ಶಿಲ್ಪಿಗಳು ಕಲ್ಲಿನಲ್ಲಿ ಕಡೆದ ಮದನಿಕೆಯರು ಬೆಳ್ಳಿಯ ಲವಣದಲ್ಲಿ ಎರಡನೆಯ ಸಲ ಹುಟ್ಟಿದುದು ಆಗಲೇ. ಅಂದಿನ ಚಿತ್ರಗಾರನಿಗೆ ಈಗಿನಂತೆ ಸಿದ್ಧವಾದ ಸಾಮಾನು ಯಾವುದೂ ಇರಲಿಲ್ಲ. ಕಾಗದವನ್ನು ಹದಮಾಡುವುದು, ಒಡ್ಡುವುದು, ಎಚ್ಚರಿಸುವುದು, ತೊಳೆಯುವುದು, ಒಣಗಿಸುವುದು ಎಲ್ಲವೂ ಅವನ ಮೈಮೇಲೆಯೇ ಬೀಳುತ್ತಿತ್ತು. 1855ರಲ್ಲಿ ಬಿಜಾಪುರದ ಕಟ್ಟಡಗಳನ್ನು ಚಿತ್ರಿಸಿದ ಬಿಗ್ಸ್ ಎಂಬ ಅಧಿಕಾರಿಯ ಪಾಡೂ ಅದೇ. ಇವರ ಚಿತ್ರಗಳಿಂದ ನಮ್ಮ ದೇವಾಲಯಗಳ ಅಂದಿನ ಸ್ಥಿತಿಯನ್ನು ಇಂದಿಗೂ ಅಳೆದು ನೋಡಬಹುದಾಗಿದೆ.

1851ರಲ್ಲಿ ಲಂಡನ್ನಿನ ಶಿಲ್ಪಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ಎಂಬ ಅಂಟುದ್ರವವನ್ನು ಗಾಜಿನ ಮೇಲೆ ಹರಡುವ ವಿಧಾನವನ್ನು ಪ್ರಕಟಿಸಿದನು. ಅವನು ಅದಕ್ಕೆ ಹಕ್ಕುಪತ್ರವನ್ನು ಪಡೆಯಲಿಲ್ಲ. ಲೋಕಕ್ಕೆ ಧರ್ಮಾರ್ಥವಾಗಿ ಬಿಟ್ಟನು. ತಾನು 1857ರಲ್ಲಿ ಬಡತನದಲ್ಲಿ ತೀರಿಕೊಂಡನು. ಕಾಗದದ ನಾರಿನ ಮಸುಕು ಗಾಜಿನಲ್ಲಿಲ್ಲ; ಚಿತ್ರ ಸೂಜಿಯ ಮೊನೆಯಷ್ಟು ಸ್ಪಷ್ಟ. ಆದರೆ ಲೇಪವು ಒದ್ದೆಯಾಗಿರುವಾಗಲೇ ಬೆಳಕಿಗೊಡ್ಡಿ, ಒದ್ದೆಯಾಗಿರುವಾಗಲೇ ಡೆವಲಪ್ ಮಾಡಬೇಕು, ಒಣಗಿದರೆ ಕೆಟ್ಟಿತು. ಹತ್ತು ನಿಮಿಷಗಳ ಈ ಗಡುವಿನಿಂದಾಗಿ ಚಿತ್ರಗಾರನು ಹೋದಲ್ಲೆಲ್ಲ ಕತ್ತಲೆಕೋಣೆಯೂ ಅವನ ಬೆನ್ನ ಹಿಂದೆ ನಡೆಯಬೇಕಾಯಿತು.

ರೋಜರ್ ಫೆಂಟನ್ 1855ರಲ್ಲಿ ಕ್ರಿಮಿಯಾದ ಯುದ್ಧಭೂಮಿಗೆ ಹೋಗುವಾಗ ದ್ರಾಕ್ಷಾರಸದ ವರ್ತಕನೊಬ್ಬನ ಬಂಡಿಯನ್ನು ಕೊಂಡು, ಅದನ್ನೇ ಕತ್ತಲೆಕೋಣೆಯಾಗಿ ಮಾರ್ಪಡಿಸಿದನು. ಬೇಸಗೆಯಲ್ಲಿ ಆ ಬಂಡಿಯೊಳಗೆ ನಿಂತು ಕೆಲಸ ಮಾಡುವುದು ಕುಲುಮೆಯೊಳಗೆ ನಿಂತಂತೆಯೇ ಆಗುತ್ತಿತ್ತು. 1863ರಲ್ಲಿ ಹಿಂದೂದೇಶಕ್ಕೆ ಬಂದ ಸಾಮ್ಯುಯಲ್ ಬೋರ್ನ್ ಹಿಮಾಲಯವನ್ನು ಹತ್ತಿದಾಗ ಅವನ ಡೇರೆ, ಗಾಜಿನ ಹಲಗೆಗಳು, ಸೀಸೆಗಳು ಇವನ್ನೆಲ್ಲ ಹತ್ತಾರು ಮಂದಿ ಕೂಲಿಗಳು ಹೊತ್ತು ನಡೆದರು. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು. ಹಿಮಾಲಯದ ಆ ಚಿತ್ರಗಳ ಕೆಳಗೆ ಬೋರ್ನನ ಹೆಸರಿದೆ, ಹೊತ್ತವರ ಹೆಸರುಗಳಿಲ್ಲ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಮನೆಯಲ್ಲಿ ಬೇರೊಂದು ಬಗೆಯ ಕತ್ತಲೆಕೋಣೆ ಹುಟ್ಟಿತು. ಕಲ್ಕತ್ತೆಯಲ್ಲಿ 1815ರಲ್ಲಿ ಜನಿಸಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರನ್ ಎಂಬಾಕೆಗೆ 1863ರಲ್ಲಿ, ಅವಳ 48ನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟರು. ಆಗ ಆಕೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಸಂಸಾರವಂದಿಗಳಾಗಿದ್ದಳು. ಕಲ್ಲಿದ್ದಲು ತುಂಬುವ ಕೊಟ್ಟಡಿಯನ್ನು ತೆರವು ಮಾಡಿಸಿ ಕತ್ತಲೆಕೋಣೆ ಮಾಡಿಕೊಂಡಳು. ಕೋಳಿಯ ಗೂಡಿಗೆ ಗಾಜು ಹಾಕಿಸಿ ಚಿತ್ರಶಾಲೆ ಮಾಡಿಕೊಂಡಳು. ಕೊಂಡದ್ದಕ್ಕಿಂತ ಹೊಂದಿಸಿಕೊಂಡದ್ದೇ ಹೆಚ್ಚು. ಆ ಇದ್ದಲಿನ ಕೊಟ್ಟಡಿಯಿಂದ ಹೊರಬಂದ ಮುಖಚಿತ್ರಗಳಿಗೆ ಇಂದಿನ ವಸ್ತುಸಂಗ್ರಹಾಲಯಗಳಲ್ಲಿ ಗೌರವದ ಸ್ಥಾನವಿದೆ. ಮನೆಯಲ್ಲಿ ಫಿಲ್ಮು ತೊಳೆಯಬೇಕೆನ್ನುವವರಿಗೆ ಈಕೆಯೇ ಕುಲದೇವತೆಯೆಂದು ನಮ್ಮ ಅಭಿಪ್ರಾಯ.

ಒದ್ದೆ ಹಲಗೆಯ ಗಡುವನ್ನು ತಪ್ಪಿಸಿದವನು ರಿಚರ್ಡ್ ಮ್ಯಾಡಾಕ್ಸ್ ಎಂಬ ವೈದ್ಯ. ಕೊಲೋಡಿಯನ್ನಿನಲ್ಲಿದ್ದ ಈಥರಿನ ಆವಿ ಅವನ ಆರೋಗ್ಯಕ್ಕೆ ಒಗ್ಗಲಿಲ್ಲ. ಆದ್ದರಿಂದ ಅವನು ಜೆಲಟಿನ್ನನ್ನು ಹಿಡಿದು ನೋಡಿದನು. ತನ್ನ ಪ್ರಯೋಗವನ್ನು 1871ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದನು. ಅದನ್ನು ಇತರರು ತಿದ್ದಿ ಬೆಳೆಸಿದ ಮೇಲೆ, 1878ರ ಸುಮಾರಿಗೆ ಒಣಹಲಗೆಗಳು ಅಂಗಡಿಯಲ್ಲಿ ದೊರೆಯತೊಡಗಿದುವು. ಇಂದು ಹಿಡಿದ ಚಿತ್ರವನ್ನು ವಾರದ ಮೇಲೆ ಎಚ್ಚರಿಸಬಹುದು. ಡೇರೆ ಬಂಡಿಗಳು ಮೂಲೆ ಸೇರಿದುವು. ಕತ್ತಲೆಕೋಣೆ ಕಾಡಿನಿಂದ ಮನೆಗೆ ಹಿಂದಿರುಗಿತು.

ಆದರೆ ಮನೆಯಲ್ಲಿ ಅದು ಬಹುಕಾಲ ನಿಲ್ಲಲಿಲ್ಲ. ಹಿಡಿದ ಮನೆಯಲ್ಲಿಯೇ ಎಚ್ಚರಿಸಬೇಕೆಂಬ ನಿರ್ಬಂಧ ಕಳಚಿದ ಮೇಲೆ ಎಲ್ಲಿ ಬೇಕಾದರೂ ಎಚ್ಚರಿಸಬಹುದಲ್ಲವೆ? ಈ ಸಂದನ್ನು ಕಂಡವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವನು ಮಾರಾಟಕ್ಕೆ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರು. ಅದರೊಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ. ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರಿಗೆ ಅಂಚೆಯಲ್ಲಿ ಕಳುಹಿಸಿ 10 ಡಾಲರು ಕೊಟ್ಟರೆ ಚಿತ್ರಗಳೂ ಬರುತ್ತಿದ್ದುವು, ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಬರುತ್ತಿತ್ತು. ಗುಂಡಿಯನ್ನು ನೀವು ಒತ್ತಿ, ಉಳಿದುದನ್ನು ನಾವು ಮಾಡುತ್ತೇವೆ ಎಂಬುದು ಅವನ ಜಾಹೀರಾತಿನ ಮಾತು. ಲಕ್ಷಾಂತರ ಸಾಮಾನ್ಯ ಜನರ ಕೈಗೆ ಕ್ಯಾಮೆರಾ ಬಂದದ್ದು ಈ ಮಾತಿನ ಬಲದಿಂದ. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೂ ‘ಉಳಿದುದು’ ಎಂಬ ಆ ಒಂದು ಪದದಲ್ಲಿ ದಾಗೆರನ ಪೆಟ್ಟಿಗೆ, ಟ್ರೈಪನ ಕಾಗದ, ಕ್ಯಾಮೆರನ್ನಳ ಇದ್ದಲಿನ ಕೊಟ್ಟಡಿ ಎಲ್ಲವೂ ಅಡಗಿಹೋದುವು. ಚಿತ್ರದ ಅರ್ಧ ಭಾಗವು ಅದನ್ನು ಹಿಡಿದವನ ಕೈಯಿಂದ ಜಾರಿತು.

ಆ ಅರ್ಧವನ್ನು ಮನೆಗೆ ಮರಳಿ ತಂದುಕೊಟ್ಟುದು ಎರಡು ವಿಷಯಗಳು: ಒಂದು ವಿಚಾರ, ಒಂದು ಪಾತ್ರೆ.

ಮೊದಲು ವಿಚಾರವನ್ನು ಹೇಳುತ್ತೇವೆ. ಹಿಂದಿನವರು ಕೆಂಪು ದೀಪದ ಬೆಳಕಿನಲ್ಲಿ ಹಲಗೆಯನ್ನು ತಟ್ಟೆಯಲ್ಲಿ ಅಲುಗಿಸುತ್ತ, ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತ, ಸಾಕೆನಿಸಿದಾಗ ಹೊರತೆಗೆಯುತ್ತಿದ್ದರು. ಇದು ಪಾಕದ ಹದವನ್ನು ಬೆರಳಿನಲ್ಲಿ ನೋಡುವಂಥ ಕೈಗುಣದ ವಿದ್ಯೆ; ಗುರುವಿನ ಪಕ್ಕದಲ್ಲಿ ನಿಲ್ಲದವನಿಗೆ ಒಲಿಯದು. ಇಂಗ್ಲೆಂಡಿನ ವಿಡ್ನೆಸ್ ಎಂಬ ಊರಿನ ರಾಸಾಯನಿಕ ಕಾರ್ಖಾನೆಯಲ್ಲಿದ್ದ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಸ್ನೇಹಿತರಿಬ್ಬರು ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸಿ, 1890ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಬಿದ್ದ ಬೆಳಕಿಗೂ ಮೂಡುವ ಕಪ್ಪಿಗೂ ಲೆಕ್ಕಕ್ಕೆ ಸಿಕ್ಕುವ ಸಂಬಂಧವಿದೆ, ಡೆವಲಪರಿನ ಕೆಲಸವೂ ನಿಯಮಬದ್ಧವಾದುದು ಎಂದು ಅವರು ತೋರಿಸಿಕೊಟ್ಟರು. ಹಿಯರ್‌ಫರ್ಡಿನ ಆಲ್ಫ್ರೆಡ್ ವಾಟ್ಕಿನ್ಸ್ ಅದನ್ನು ಸಾಮಾನ್ಯರ ಕೈಗೆ ಎಟುಕುವಂತೆ ಮಾಡಿದನು: ಚಿತ್ರದ ಮೊದಲ ಗುರುತು ಕಾಣಲು ಎಷ್ಟು ಹೊತ್ತಾಯಿತೋ ಅದನ್ನು ಒಂದು ಗೊತ್ತಾದ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಕಾಲ ಸಿಕ್ಕುತ್ತದೆಂದನು. ಹೀಗೆ ಕಣ್ಣಿನ ಅಧಿಕಾರವು ಗಡಿಯಾರಕ್ಕೂ ಉಷ್ಣಮಾಪಕಕ್ಕೂ ಸೇರಿತು.

ಹಳಬರು ಸುಮ್ಮನೆ ಒಪ್ಪಲಿಲ್ಲ. ಕಲೆಯನ್ನು ಗಡಿಯಾರಕ್ಕೆ ಒತ್ತೆಯಿಡುವುದೇ ಎಂದು ವಾದಿಸಿದರು. ಆ ವಾದವನ್ನು ಮುಗಿಸಿದ್ದು ಫಿಲ್ಮೇ. ಹಳೆಯ ಹಲಗೆಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಅದಕ್ಕೇ ಕೆಂಪು ದೀಪ ನಿರಪಾಯವಾಗಿತ್ತು. 1873ರಲ್ಲಿ ಜರ್ಮನಿಯ ಫೋಗೆಲ್ ಲೇಪಕ್ಕೆ ಬಣ್ಣಗಳನ್ನು ಸೇರಿಸಿ ಅದರ ದೃಷ್ಟಿಯನ್ನು ಹಿಗ್ಗಿಸುವ ಉಪಾಯವನ್ನು ಕಂಡುಹಿಡಿದನು; 1906ರ ಹೊತ್ತಿಗೆ ಕೆಂಪನ್ನೂ ಕಾಣಬಲ್ಲ ಪ್ಯಾಂಕ್ರೊಮ್ಯಾಟಿಕ್ ಹಲಗೆಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದುವು. ಇಂಥ ಫಿಲ್ಮಿಗೆ ಕೆಂಪು ದೀಪವೂ ಶತ್ರುವೇ. ಸಂಪೂರ್ಣ ಕತ್ತಲೆಯಲ್ಲಿ ಕಣ್ಣಿಗೆ ಏನು ಕೆಲಸ? ಸಿನಿಮಾದಲ್ಲಿ ಇಂದಿಗೂ ಕತ್ತಲೆಕೋಣೆಯೆಂದರೆ ಕೆಂಪು ದೀಪವನ್ನು ತೋರಿಸುತ್ತಾರೆ. ಅದು ಕಾಗದದ ಮೇಲೆ ಪ್ರತಿ ತೆಗೆಯುವಾಗಿನ ದೀಪವೇ ಹೊರತು ಇಂದಿನ ಸಾಧಾರಣ ಫಿಲ್ಮನ್ನು ಎಚ್ಚರಿಸುವಾಗಿನದಲ್ಲ. ಹೊಸಬರು ಈ ಒಂದು ತಪ್ಪಿನಿಂದ ಎಷ್ಟೋ ಸುರುಳಿಗಳನ್ನು ಕಳೆದುಕೊಂಡಿರುವುದುಂಟು.

ಇನ್ನು ಪಾತ್ರೆಯ ವಿಷಯ. ಟೆಲಿಫೋನಿನ ನಿರ್ಮಾಪಕ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ಆರ್ಥರ್ ಮೆಕರ್ಡಿ ಎಂಬ ಕಾರ್ಯದರ್ಶಿಯಿದ್ದನು. ಕತ್ತಲೆಕೋಣೆಯಿಲ್ಲದೆಯೇ ಸುರುಳಿ ಫಿಲ್ಮನ್ನು ಡೆವಲಪ್ ಮಾಡುವ ಪುಟ್ಟ ಯಂತ್ರವನ್ನು ಈತನು ಕಲ್ಪಿಸಿದನು. ಅದರ ಹಕ್ಕನ್ನು ಈಸ್ಟ್‌ಮನ್ನನ ಕಂಪೆನಿಯೇ ಕೊಂಡು, 1902ರಲ್ಲಿ ಕೊಡಕ್ ಡೆವಲಪಿಂಗ್ ಮೆಷೀನ್ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ಉಳಿದುದನ್ನು ನಾವು ಮಾಡುತ್ತೇವೆಂದ ಕಂಪೆನಿಯೇ ಹದಿನಾಲ್ಕು ವರ್ಷಗಳ ಮೇಲೆ, ಅದನ್ನೂ ನೀವೇ ಮಾಡಿಕೊಳ್ಳಬಹುದೆಂದು ಪಾತ್ರೆ ಮಾರಿದುದು ಚರಿತ್ರೆಯ ವಿನೋದಗಳಲ್ಲೊಂದು. ಇಡೀ ಕೋಣೆಯನ್ನು ಕತ್ತಲೆ ಮಾಡುವ ಬದಲು ಫಿಲ್ಮಿನ ಸುತ್ತ ಅಂಗೈಯಷ್ಟು ಕತ್ತಲೆಯನ್ನು ಕಟ್ಟಿದರೆ ಸಾಕೆಂಬುದೇ ಇದರ ತತ್ತ್ವ.

1925ರ ವಸಂತದಲ್ಲಿ ಲೈಪ್ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಹೊರಬಂದ ಮೇಲೆ ಈ ಪಾತ್ರೆ ಅನಿವಾರ್ಯವಾಯಿತು. ಸಿನಿಮಾದ 35 ಮಿಲಿಮೀಟರ್ ಫಿಲ್ಮಿನ ಒಂದೂವರೆ ಮೀಟರಿಗೂ ಉದ್ದವಾದ ಒಂದೇ ಪಟ್ಟಿಯ ಮೇಲೆ 36 ಚಿತ್ರಗಳು. ಒಂದೊಂದಕ್ಕೂ ಒಂದೊಂದು ಹದ ನೋಡುವಂತಿಲ್ಲ. ಎಲ್ಲವೂ ಒಂದೇ ಪಾತ್ರೆಯಲ್ಲಿ, ಒಂದೇ ಶಾಖದಲ್ಲಿ, ಒಂದೇ ಕಾಲ ಬೇಯಬೇಕು. ಪಟ್ಟಿಯ ಒಂದು ಸುತ್ತು ಮತ್ತೊಂದನ್ನು ಮುಟ್ಟದಂತೆ ಹಿಡಿಯುವುದಕ್ಕೆ ಎರಡು ಉಪಾಯಗಳು ಬಳಕೆಗೆ ಬಂದುವು. ಒಂದು, ಅಂಚಿನಲ್ಲಿ ಉಬ್ಬುಗಳಿರುವ ಸೆಲ್ಯುಲಾಯ್ಡ್ ಪಟ್ಟಿಯನ್ನು ಫಿಲ್ಮಿನೊಡನೆ ಸುತ್ತುವುದು. ಇನ್ನೊಂದು, ಚಕ್ಕುಲಿಯ ಸುತ್ತಿನಂತೆ ಕಾಲುವೆ ಕೊರೆದ ರೀಲಿಗೆ ಫಿಲ್ಮನ್ನು ಸೇರಿಸುವುದು. ಉಳಿದುಬಂದುದು ಎರಡನೆಯದು. ಹಗಲು ಬೆಳಕಿನಲ್ಲಿಯೇ ಫಿಲ್ಮು ತುಂಬಬಹುದಾದ ರಾಂಡಿನಾಕ್ಸ್ ಎಂಬ ಜಾಣ ಪೆಟ್ಟಿಗೆಯನ್ನು ಜರ್ಮನಿಯ ಆಗ್ಫಾ ಸಂಸ್ಥೆ 1930ರ ದಶಕದಲ್ಲಿ ಹೊರತಂದಿತು.

ಡೆವಲಪರುಗಳೂ ಇದೇ ಕಾಲದಲ್ಲಿ ನೆಲೆಗೊಂಡುವು. ಆಂಡ್ರೆಸೆನ್ ಎಂಬ ರಸಾಯನಜ್ಞನು 1891ರಲ್ಲಿ ಆಗ್ಫಾಗಾಗಿ ರೂಪಿಸಿದ ರೋಡಿನಲ್ ಇಂದಿಗೂ ತಯಾರಾಗುತ್ತಿದೆ. ಕೊಡಕ್ ಕಂಪೆನಿಯ ಕ್ಯಾಪ್‌ಸ್ಟಾಫ್ 1927ರಲ್ಲಿ ರೂಪಿಸಿದ ಡಿ-76 ಎಂಬುದರ ಯೋಗ ಬಹಿರಂಗವಾದುದು: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ನಮ್ಮ ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ಮಾಡುತ್ತಿತ್ತು. ಈಗ ಆ ಕಾರ್ಖಾನೆ ಮುಚ್ಚಿದೆ.

ಈಗ ನಮ್ಮ ಅರಿಕೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಒಂದು ಬೇಸಗೆಯಲ್ಲಿ, ನಮ್ಮ ಅಜ್ಜಿ ತುಲಸಿಕಟ್ಟೆಯ ಬಳಿ ಕುಳಿತು ಹೂ ಕಟ್ಟುತ್ತಿದ್ದ ಚಿತ್ರಗಳನ್ನು ಹಿಡಿದೆವು. ಆ ಸುರುಳಿಯನ್ನು ಮನೆಯಲ್ಲಿಯೇ ಡೆವಲಪ್ ಮಾಡಬೇಕೆಂಬುದು ನಮ್ಮ ಹಂಬಲ. ಕೂಡಿಟ್ಟ ಹಣದಲ್ಲಿ ಹೊಳೆಯುವ ಉಕ್ಕಿನ ಟ್ಯಾಂಕನ್ನು ಕೊಂಡೆವು. ಉಷ್ಣಮಾಪಕಕ್ಕೆ ಹಣ ಉಳಿಯಲಿಲ್ಲ. ಉಳಿಯಲಿಲ್ಲವೆಂಬ ವ್ಯಥೆಯೂ ಆಗಲಿಲ್ಲ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿದೆವು; ಕತ್ತಲೆ ಅಮೋಘವಾಗಿತ್ತು. ಮಾಳಿಗೆಯ ತೊಟ್ಟಿಯಿಂದ ನಲ್ಲಿಯಲ್ಲಿ ಬಂದ ನೀರು ಕೈಗೆ ಹಿತವಾಗಿಯೇ ಇತ್ತು. ಅದರಲ್ಲಿ ಡೆವಲಪರನ್ನು ಕಲಸಿ, ಪೊಟ್ಟಣದ ಮೇಲಿದ್ದ 20 ಡಿಗ್ರಿಯ ಕಾಲವನ್ನು ಅಕ್ಷರಶಃ ಪಾಲಿಸಿದೆವು. ಅರ್ಧ ದಾರಿಯಲ್ಲಿ ಪಾತ್ರೆ ಬೆಚ್ಚಗಿದೆಯಲ್ಲ ಎಂಬ ಶಂಕೆ ಹುಟ್ಟಿ, ಡೆವಲಪರನ್ನು ಚೆಲ್ಲಿದೊಡನೆ ಮಂಜುಗಡ್ಡೆಯ ನೀರನ್ನು ಸುರಿದೆವು. ಎರಡು ತಪ್ಪುಗಳು ಸೇರಿದರೆ ಒಂದು ಸರಿಯಾಗುವುದಿಲ್ಲ. ಮಿತಿಮೀರಿದ ಶಾಖದಿಂದ ನೆಗೆಟಿವು ಇದ್ದಲಿನಂತೆ ದಟ್ಟವಾಗಿತ್ತು; ಬಿಸಿಯಲ್ಲಿ ಉಬ್ಬಿದ ಜೆಲಟಿನ್ ತಟ್ಟನೆ ತಣ್ಣೀರಿಗೆ ಮುದುಡಿ, ಅದರ ಮೇಲೆಲ್ಲ ಕೂದಲೆಳೆಯ ಬಿರುಕಿನ ಬಲೆ ಹರಡಿತ್ತು. ಅಜ್ಜಿಯ ಮುಖ ಆ ಬಲೆಯ ಹಿಂದಿತ್ತು. ಮುಂದಿನ ಬೇಸಗೆಗೆ ಅವರಿರಲಿಲ್ಲ. ಆ ಪಟ್ಟಿಯನ್ನು ನಾವು ಬಿಸುಡಲಿಲ್ಲ. ನಮ್ಮ ಮೇಜಿನ ಅರೆಯಲ್ಲಿ ಇಂದಿಗೂ ಇದೆ. ಕತ್ತಲೆ ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನು ಕಾಯುತ್ತಾರೆ. ಶಾಖ ಕಾಣದಿರುವುದರಿಂದ ಅದನ್ನು ಮರೆಯುತ್ತಾರೆ. 1839ರಲ್ಲಿ ದಾಗೆರ್ ಮರೆಯದಿದ್ದುದನ್ನು ನಾವು ಮರೆತೆವು.

ಆದುದರಿಂದ ಕೊಳ್ಳುವವರಿಗೆ ನಮ್ಮ ಸಲಹೆ ಈ ಕ್ರಮದಲ್ಲಿದೆ. ಮೊದಲನೆಯದಾಗಿ ನಂಬಿಕೆಗೆ ಅರ್ಹವಾದ ಉಷ್ಣಮಾಪಕ. 18ರಿಂದ 32 ಡಿಗ್ರಿಯವರೆಗಿನ ಗೆರೆಗಳು ಅದರಲ್ಲಿ ಬಿಡಿಬಿಡಿಯಾಗಿ ಕಾಣಬೇಕು. ಶಾಖವು ಒಂದು ಡಿಗ್ರಿ ಏರಿದರೆ ಕಾಲವನ್ನು ಸರಿಸುಮಾರು ಹತ್ತರಲ್ಲೊಂದು ಪಾಲು ಇಳಿಸಬೇಕಾಗುತ್ತದೆ. ಹತ್ತು ಡಿಗ್ರಿಯ ತಪ್ಪಿಗೆ ಕ್ಷಮೆಯಿಲ್ಲ. ಬೆಂಗಳೂರು ಮೈಸೂರುಗಳ ಚಳಿಗಾಲದ ನೀರು ಹೆಚ್ಚು ತೊಂದರೆ ಕೊಡದು. ಬೇಸಗೆಯಲ್ಲಿ ಹಿಂದಿನ ದಿನವೇ ನೀರನ್ನು ಮಣ್ಣಿನ ಹೂಜಿಯಲ್ಲಿ ತುಂಬಿಟ್ಟು, ದ್ರಾವಣದ ಸೀಸೆಗಳನ್ನೂ ಟ್ಯಾಂಕನ್ನೂ ಅಗಲವಾದ ಒಂದೇ ಬೋಗುಣಿಯ ತಣ್ಣೀರಿನಲ್ಲಿ ನಿಲ್ಲಿಸಿ, ಎಲ್ಲವೂ ಒಂದೇ ಶಾಖಕ್ಕೆ ಬರುವವರೆಗೆ ಕಾಯಬೇಕು. ಡೆವಲಪರು, ಹೈಪೋ, ತೊಳೆಯುವ ನೀರು ಇವು ಒಂದಕ್ಕೊಂದು ಹತ್ತಿರವಾಗಿರುವುದು 20 ಎಂಬ ಸಂಖ್ಯೆಗಿಂತಲೂ ಮುಖ್ಯವಾದುದು. 20ಕ್ಕೆ ಇಳಿಯದಿದ್ದರೆ 24ರಲ್ಲಿಯೇ ಕಾಲವನ್ನು ಇಳಿಸಿ ಕೆಲಸ ಮಾಡಬಹುದು. ಆದರೆ ಕಾಲವು ಐದು ನಿಮಿಷಕ್ಕಿಂತ ಕಡಮೆಯಾದರೆ ಫಿಲ್ಮಿನ ಮೇಲೆ ಹದ ಸಮನಾಗಿ ಹರಡದು. ಅಂಥಲ್ಲಿ ಡೆವಲಪರಿಗೆ ನೀರು ಬೆರೆಸಿ ಕಾಲವನ್ನು ಹಿಗ್ಗಿಸಿಕೊಳ್ಳುವುದು ಲೇಸು.

ಎರಡನೆಯದು ಟ್ಯಾಂಕು ಮತ್ತು ರೀಲು. ಪ್ಲಾಸ್ಟಿಕ್ಕಿನ ರೀಲಿಗೆ ಫಿಲ್ಮನ್ನು ಹೊರಗಿನಿಂದ ಒಳಕ್ಕೆ ಸೇರಿಸಬೇಕು. ಎರಡು ಕೈಗಳಿಂದ ಹಿಂದುಮುಂದಕ್ಕೆ ತಿರುಗಿಸಿದರೆ ತಾನಾಗಿ ಒಳಕ್ಕೆ ಸರಿಯುತ್ತದೆ. ಹೊಸಬರಿಗೆ ಇದೇ ಸುಲಭ. ಆದರೆ ಒಂದಿಷ್ಟು ತೇವವಿದ್ದರೂ ಅದು ಫಿಲ್ಮನ್ನು ಕಚ್ಚಿ ಹಿಡಿಯುತ್ತದೆ. ಮಳೆಗಾಲದ ನಮ್ಮ ಮಲೆನಾಡಿನಲ್ಲಿ ರೀಲನ್ನು ಚೆನ್ನಾಗಿ ಒಣಗಿಸಿಕೊಳ್ಳದೆ ಮುಟ್ಟಬಾರದು. ಉಕ್ಕಿನ ರೀಲಿಗೆ ನಡುವಿನಿಂದ ಹೊರಕ್ಕೆ ಸುತ್ತಬೇಕು; ಕೈ ಪಳಗುವವರೆಗೆ ಕಷ್ಟ, ಪಳಗಿದ ಮೇಲೆ ತೇವದ ಭಯವಿಲ್ಲ. ಒಮ್ಮೆ ಕೆಳಗೆ ಬಿದ್ದು ಸೊಟ್ಟಗಾದ ಉಕ್ಕಿನ ರೀಲು ಮಾತ್ರ ನಿರುಪಯೋಗಿ. ಹಳೆಯದನ್ನು ಕೊಳ್ಳುವವರು ತಿರುಗಿಸಿ ನೋಡಿ ಕೊಳ್ಳಬೇಕು. 35 ಮಿಲಿಮೀಟರಿನ ಒಂದು ಸುರುಳಿಗೆ ಉಕ್ಕಿನದರಲ್ಲಿ 250 ಮಿಲಿಲೀಟರ್, ಸಾಧಾರಣ ಪ್ಲಾಸ್ಟಿಕ್ಕಿನದರಲ್ಲಿ 290 ಮಿಲಿಲೀಟರಿನಷ್ಟು ದ್ರಾವಣ ಬೇಕು. ಯಾವುದನ್ನು ಕೊಂಡರೂ, ಹಾಳಾದ ಫಿಲ್ಮೊಂದನ್ನು ಹಿಡಿದು ಹಗಲಿನಲ್ಲಿ ಹತ್ತು ಸಲ, ಕಣ್ಣು ಮುಚ್ಚಿ ಹತ್ತು ಸಲ ಸುತ್ತಿ ಅಭ್ಯಾಸ ಮಾಡಿರಿ. ಇದಕ್ಕೆ ಹಣ ಬೇಕಾಗಿಲ್ಲ.

ಕತ್ತಲೆಗೆ ಪ್ರತ್ಯೇಕವಾದ ಕೋಣೆ ಬೇಡ. ತೋಳುಗಳಿಗೆ ಎಲಾಸ್ಟಿಕ್ ಇರುವ ಇಮ್ಮಡಿ ಬಟ್ಟೆಯ ಕಪ್ಪು ಚೀಲವೊಂದು ಸಾಕು. ಅಮಾವಾಸ್ಯೆಯ ರಾತ್ರಿ ಕಿಟಕಿಯಿಲ್ಲದ ಉಗ್ರಾಣವಾದರೂ ಆದೀತು. ಕತ್ತಲೆ ಬೇಕಾಗುವುದು ಫಿಲ್ಮನ್ನು ರೀಲಿಗೆ ಸುತ್ತಿ ಟ್ಯಾಂಕಿನ ಮುಚ್ಚಳ ಹಾಕುವ ಕೆಲವು ನಿಮಿಷ ಮಾತ್ರ. ಉಳಿದ ಕೆಲಸವೆಲ್ಲ ಅಡಿಗೆಮನೆಯ ದೀಪದ ಕೆಳಗೆ ನಡೆಯುತ್ತದೆ. ಗಡಿಯಾರ ಮನೆಯಲ್ಲಿದ್ದದ್ದೇ ಆಯಿತು. ಅಳತೆಯ ಗಾಜು ಒಂದು ದೊಡ್ಡದು, ಒಂದು ಚಿಕ್ಕದು. ಗಾಳಿಯಾಡದಂತೆ ಮುಚ್ಚುವ ಕಂದುಬಣ್ಣದ ಸೀಸೆಗಳು ಎರಡು ಮೂರು. ಒಣಗಿಸಲು ಬಟ್ಟೆಯ ಕ್ಲಿಪ್ಪುಗಳು. ಒಮ್ಮೆ ರಸಾಯನ ಮುಟ್ಟಿದ ಪಾತ್ರೆ ಅಡಿಗೆಗೆ ಹಿಂದಿರುಗಬಾರದು. ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಕ್ಕದ ಕಡೆ ಇಡಬೇಕು. ಬಳಸಿದ ಹೈಪೋವಿನಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಿಡದ ಬುಡಕ್ಕೋ ಬಾವಿಯ ಹತ್ತಿರವೋ ಚೆಲ್ಲುವುದು ಸಲ್ಲದು.

ನೀರಿನ ಚಿಂತೆಯುಳ್ಳವರಿಗೆ ಒಂದು ಮಾತು. ಅರ್ಧ ಗಂಟೆ ನಲ್ಲಿಯನ್ನು ಬಿಟ್ಟು ತೊಳೆಯಬೇಕೆಂಬುದು ಹಿಂದಿನ ಪದ್ಧತಿ. ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ ಮಗುಚಿದರೆ ಸಾಕೆಂದು ಇಲ್‌ಫೋರ್ಡ್ ಸಂಸ್ಥೆಯವರು ಹೇಳಿರುವ ವಿಧಾನದಲ್ಲಿ ಒಂದು ತಂಬಿಗೆಯಷ್ಟು ನೀರಿನಲ್ಲಿ ಕೆಲಸ ಮುಗಿಯುತ್ತದೆ. ಹೈಪೋ ಸಾಕಾಯಿತೇ ಎಂಬುದಕ್ಕೂ ಸುಲಭವಾದ ಪರೀಕ್ಷೆಯುಂಟು: ಸುರುಳಿಯ ತುದಿಯ ತುಂಡೊಂದನ್ನು ಹಗಲಿನಲ್ಲಿಯೇ ಹೈಪೋವಿನಲ್ಲಿ ಅದ್ದಿ, ಅದು ತಿಳಿಯಾಗಲು ಹಿಡಿದ ಕಾಲದ ಎರಡರಷ್ಟನ್ನು ಫಿಲ್ಮಿಗೆ ಕೊಟ್ಟರಾಯಿತು.

ಇಷ್ಟೆಲ್ಲ ಸಾಮಾನನ್ನೂ ಒಂದು ಸಾಧಾರಣ ಪೆಟ್ಟಿಗೆಯಲ್ಲಿ ಅಡಕಬಹುದು. ಫೆಂಟನ್ನನ ಬಂಡಿ, ಬೋರ್ನನ ಕೂಲಿಗಳ ಸಾಲು ಇವು ಮಂಚದ ಕೆಳಗಿನ ಪೆಟ್ಟಿಗೆಯೊಳಕ್ಕೆ ಇಳಿದಿವೆ. ಈಸ್ಟ್‌ಮನ್ನನು ‘ಉಳಿದುದು’ ಎಂದು ಕರೆದುದನ್ನು ನಾವೇ ಮಾಡಿಕೊಂಡರೆ ದೊರೆಯುವ ಲಾಭ ಹಣದ ಉಳಿತಾಯವಲ್ಲ. ಚಿತ್ರ ಕೆಟ್ಟರೂ ಚೆನ್ನಾದರೂ ಅದರ ಕಾರಣ ನಮಗೆ ತಿಳಿದಿರುತ್ತದೆ. ಅಂಗಡಿಯಿಂದ ಬಂದ ಕೆಟ್ಟ ಚಿತ್ರ ನಮಗೆ ಏನನ್ನೂ ಕಲಿಸುವುದಿಲ್ಲ. ಅಜ್ಜಿಯ ಮುಖದ ಮೇಲಿನ ಆ ಬಲೆ ನಮಗೆ ಕಲಿಸಿತು. ಟ್ಯಾಂಕಿನ ಮುಚ್ಚಳವನ್ನು ತೆಗೆದು, ಒದ್ದೆಯಾದ ಪಟ್ಟಿಯನ್ನು ಮೊತ್ತಮೊದಲು ಬೆಳಕಿಗೆ ಎತ್ತಿ ಹಿಡಿಯುವ ಕ್ಷಣಕ್ಕಾಗಿ ಕಾದಿರುವ ತರುಣರಿಗೆ ನಮ್ಮ ಪ್ರಾರ್ಥನೆ ಇಷ್ಟೆ: ಹಿರಿಯರು ಇರುವಾಗಲೇ ಅವರ ಚಿತ್ರವನ್ನು ಹಿಡಿಯಿರಿ, ಟ್ಯಾಂಕಿಗಿಂತ ಮೊದಲು ಉಷ್ಣಮಾಪಕವನ್ನು ಕೊಳ್ಳಿರಿ.